ಹಗಲಲ್ಲಿ ದುಡಿಯುವ ಮಂಜುದೀಪ

ಅಮೆರಿಕದಲ್ಲಿ ಕೊಂಡ ಕಾರನ್ನು ಗಡಿ ದಾಟಿಸಿ ಕೆನಡಾದಲ್ಲಿ ನೋಂದಾಯಿಸಲು ಹೊರಟವರಿಗೆ ಒಂದು ಕೆಲಸ ಕಾದಿರುತ್ತದೆ. 1989ರ ಡಿಸೆಂಬರ್ 1ರ ನಂತರ ತಯಾರಾದ ಕಾರು ಅಲ್ಲಿ ಓಡಬೇಕಾದರೆ, ನಡುಮಧ್ಯಾಹ್ನವಾದರೂ ಅದರ ಮುಂದಿನ ಎರಡು ದೀಪಗಳು ತಾವಾಗಿಯೇ ಉರಿಯುತ್ತಿರಬೇಕು. ಇವೇ ಡೇಟೈಮ್ ರನ್ನಿಂಗ್ ಲೈಟ್, ಎಲ್ಲರ ಬಾಯಲ್ಲಿ ಡಿಆರ್‌ಎಲ್. ಅಮೆರಿಕದಲ್ಲಿ ಈ ಕಡ್ಡಾಯವಿಲ್ಲ. ಹಾಗಾಗಿ ಅಲ್ಲಿಂದ ಬಂದ ಎಷ್ಟೋ ಕಾರುಗಳಿಗೆ ಡಿಆರ್‌ಎಲ್ ಆಮೇಲೆ ಸೇರಿಸಬೇಕಾಗುತ್ತದೆ. ಬಂಪರ್ ಕೊರೆದು ಹೊಸ ದೀಪ ಕೂರಿಸುವುದಕ್ಕಿಂತ, ಕಾರಿನಲ್ಲಿ ಮೊದಲೇ ಇರುವ ಮಂಜುದೀಪದ, ಅಂದರೆ ಫಾಗ್ ಲ್ಯಾಂಪಿನ, ವೈರಿಂಗ್ ಬದಲಾಯಿಸಿ ಅದನ್ನೇ ಹಗಲಿಗೂ ಬಳಸುವುದು ಸುಲಭ. ಕೆನಡಾದ ನಿಯಮವೂ ಇದನ್ನು ಒಪ್ಪುತ್ತದೆ.

ಬಿಸಿಲಿರುವಾಗ ದೀಪ ಏಕೆ ಎಂಬ ಪ್ರಶ್ನೆಗೆ ಉತ್ತರ ಸೂರ್ಯನ ಎತ್ತರದಲ್ಲಿದೆ. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಅದೇ ದಿನ ಟೊರಾಂಟೊದಲ್ಲಿ 23 ಡಿಗ್ರಿ, ಇನ್ನೂ ಉತ್ತರದ ಎಡ್ಮಂಟನ್‌ನಲ್ಲಿ ಬರೀ 13. ಅಷ್ಟು ಕೆಳಗಿನ ಬಿಸಿಲು ಚಾಲಕನ ಕಣ್ಣಿಗೇ ನೇರವಾಗಿ ಹೊಡೆಯುತ್ತದೆ, ಎದುರಿನ ಬೂದುಬಣ್ಣದ ಕಾರು ಬೂದು ರಸ್ತೆಯಲ್ಲಿ ಕರಗಿಹೋಗುತ್ತದೆ. ಹಗಲಲ್ಲೂ ದೀಪ ಹಚ್ಚಿ ಓಡಿಸಿ ಎಂಬ ಕಾನೂನು ಮೊದಲು ಹುಟ್ಟಿದ್ದು ಇಂಥ ಉತ್ತರದ ನಾಡುಗಳಲ್ಲೇ. ಫಿನ್ಲೆಂಡ್ 1972ರಲ್ಲಿ ಊರಾಚೆಯ ರಸ್ತೆಗಳಿಗೆ ಚಳಿಗಾಲದಲ್ಲಿ ಅದನ್ನು ಕಡ್ಡಾಯ ಮಾಡಿತು. ಸ್ವೀಡನ್ 1977ರಲ್ಲಿ ವರ್ಷವಿಡೀ. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಸದಾ ಉರಿಯುವಂತೆ ಮಾಡಿರುವುದರ ಹಿಂದೆಯೂ ಇದೇ ಯೋಚನೆ ಇದೆ: ಎದುರಿನವರಿಗೆ ಬೇಗ ಕಾಣಿಸಬೇಕು.

ಈಗ ವೈರಿಂಗ್‌ಗೆ ಬರೋಣ. ಫಾಗ್ ಲ್ಯಾಂಪಿನ ಹ್ಯಾಲೊಜನ್ ಬಲ್ಬು ಹಲವು ಕಾರುಗಳಲ್ಲಿ 55 ವಾಟ್‌ನದು. ಜೋಡಿಗೆ 110 ವಾಟ್, ಅಂದರೆ 12 ವೋಲ್ಟಿನ ಲೆಕ್ಕದಲ್ಲಿ 9 ಆಂಪಿಯರ್‌ಗೂ ಮಿಕ್ಕ ಕರೆಂಟು. ಇಷ್ಟನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನೊಳಗಿಂದ ಹರಿಸಿದರೆ ಅದು ಕಾದು ಸುಟ್ಟುಹೋದೀತು. ಅದಕ್ಕೇ ನಡುವೆ ರಿಲೇ ಇರುತ್ತದೆ. ರಿಲೇಯೊಳಗೆ ತಂತಿಯ ಸುರುಳಿಯೊಂದಿದೆ. ಅದಕ್ಕೆ 0.2 ಆಂಪಿಯರ್‌ನಷ್ಟು ಕರೆಂಟು ಕೊಟ್ಟರೆ ಸಾಕು, ಅಯಸ್ಕಾಂತವಾಗಿ ಒಂದು ತಗಡನ್ನು ಎಳೆದುಕೊಳ್ಳುತ್ತದೆ. ಆ ತಗಡು ದೀಪಗಳ ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ.

ಸಾಮಾನ್ಯವಾಗಿ ಹೆಡ್‌ಲೈಟ್ ಇಲ್ಲವೇ ಪಾರ್ಕಿಂಗ್ ಲೈಟ್ ಹಾಕಿದ್ದಾಗ ಮಾತ್ರ ಫಾಗ್ ರಿಲೇಯ ಸುರುಳಿಗೆ ಕರೆಂಟು ಸಿಗುವಂತೆ ಕಂಪನಿಯವರು ಜೋಡಿಸಿರುತ್ತಾರೆ. ಹಗಲುದೀಪಕ್ಕೆ ಬೇಕಾಗಿರುವುದು ಇದಕ್ಕೆ ತಿರುಗುಮುರುಗು. ಕಾರು ಚಾಲೂ ಇದ್ದು ಹೆಡ್‌ಲೈಟ್ ಆರಿದ್ದರೆ ಫಾಗ್ ಲ್ಯಾಂಪ್ ಉರಿಯಬೇಕು. ಹೆಡ್‌ಲೈಟ್ ಹಾಕಿದ ಕೂಡಲೇ ಅದು ತನ್ನ ಹಳೆಯ ಸ್ವಿಚ್ಚಿನ ಅಧೀನಕ್ಕೆ ಮರಳಬೇಕು. ಐದು ಪಿನ್ನಿನ ಇನ್ನೊಂದು ರಿಲೇ ಈ ಕೆಲಸ ಮಾಡುತ್ತದೆ. ಅದರ ಪಿನ್ನುಗಳ ಮೇಲೆ 30, 85, 86, 87, 87ಎ ಎಂದು ಅಚ್ಚಾಗಿರುತ್ತದೆ. 85 ಮತ್ತು 86 ಸುರುಳಿಯ ಎರಡು ತುದಿ: ಒಂದಕ್ಕೆ ಹೆಡ್‌ಲೈಟಿನ ವೈರು, ಇನ್ನೊಂದಕ್ಕೆ ಅರ್ಥ್. 30ನ್ನು ಹಳೆಯ ಫಾಗ್ ರಿಲೇಯ ಸುರುಳಿಗೆ ಕೊಡಬೇಕು. ಹೆಡ್‌ಲೈಟ್ ಆರಿದ್ದಾಗ 30ಕ್ಕೆ ತಗುಲಿಕೊಂಡಿರುವುದು 87ಎ. ಅದಕ್ಕೆ ಫ್ಯೂಸಿನ ಮೂಲಕ, ಕಾರು ಚಾಲೂ ಇದ್ದಾಗ ಮಾತ್ರ ಕರೆಂಟು ಇರುವ ಇಗ್ನಿಷನ್ ವೈರು. ಹೆಡ್‌ಲೈಟ್ ಹತ್ತಿದಾಗ ತಗಡು 87ಕ್ಕೆ ಹಾರುತ್ತದೆ. ಅಲ್ಲಿ ಮೂಲ ಫಾಗ್ ಸ್ವಿಚ್ಚಿನ ವೈರು ಕಾದಿರುತ್ತದೆ. ಎರಡು ದಾರಿಗಳೂ ಒಟ್ಟಿಗೆ ಸೇರುವ ಪ್ರಸಂಗವೇ ಇಲ್ಲದ್ದರಿಂದ ಕರೆಂಟು ಹಿಮ್ಮುಖವಾಗಿ ನುಗ್ಗಿ ಬೇರೆ ದೀಪಗಳನ್ನು ಹೊತ್ತಿಸುವ ಭಯವಿಲ್ಲ. ನನಗೆ ಇದು ಬಹಳ ಸುಂದರವಾದ ಜೋಡಣೆ ಎನಿಸುತ್ತದೆ. ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ಮಾತುಗಳಲ್ಲಿ ಇಡೀ ಸರ್ಕ್ಯೂಟನ್ನು ಹೇಳಿಬಿಡಬಹುದು. ರಿಲೇಗಳ ಜಾಲವನ್ನು ಹೀಗೆ ತರ್ಕದ ಬೀಜಗಣಿತದಲ್ಲಿ ಬರೆಯಬಹುದೆಂದು ಕ್ಲಾಡ್ ಶಾನನ್ 1937ರಲ್ಲಿ ತನ್ನ ಎಂಐಟಿ ಪ್ರಬಂಧದಲ್ಲಿ ತೋರಿಸಿದ. ಇಂದಿನ ಕಂಪ್ಯೂಟರ್ ಚಿಪ್ಪುಗಳ ವಿನ್ಯಾಸ ನಿಂತಿರುವುದು ಆ ತರ್ಕದ ಮೇಲೆಯೇ.

ಕೆಲವು ಎಚ್ಚರಗಳು ಬೇಕು. ಇಗ್ನಿಷನ್ ವೈರಿನ ಬದಲು ನೇರ ಬ್ಯಾಟರಿಯ ವೈರಿಗೆ ಜೋಡಿಸಿ ಕಾರು ನಿಲ್ಲಿಸಿ ಹೋದರೆ, 45 ಆಂಪಿಯರ್-ಗಂಟೆಯ ಬ್ಯಾಟರಿ ಐದೇ ತಾಸಿನಲ್ಲಿ ಬರಿದಾಗುತ್ತದೆ. ರಿಲೇಯ ಕರೆಂಟು ಕಡಿದಾಗ ಸುರುಳಿಯಲ್ಲಿ ಕ್ಷಣಕಾಲ ದೊಡ್ಡ ವೋಲ್ಟೇಜ್ ಚಿಮ್ಮುತ್ತದೆ. ಅದನ್ನು ನುಂಗಿಕೊಳ್ಳುವ ಡಯೋಡ್ ಅಥವಾ ರೆಸಿಸ್ಟರ್ ಒಳಗೇ ಇರುವ ರಿಲೇ ಆರಿಸಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಸ್ವಿಚ್ಚು ಇರುವುದು ಅರ್ಥ್ ಕಡೆಗೆ, ಆಗ ಈ ಜೋಡಣೆ ಬದಲಾಗುತ್ತದೆ. ಆ ಮಾದರಿಯ ವೈರಿಂಗ್ ನಕ್ಷೆ ಕೈಯಲ್ಲಿಲ್ಲದೆ ವೈರು ಕತ್ತರಿಸಬೇಡಿ. ಹೊಸ ಕಾರುಗಳಲ್ಲಂತೂ ದೀಪಗಳನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅಲ್ಲಿ ಇಂಥ ಬದಲಾವಣೆಯನ್ನು ಸಾಫ್ಟ್‌ವೇರಿನಲ್ಲೇ ಮಾಡಿಸಬೇಕು.

ಕರೆಂಟು ಉಳಿಸಲು ಎರಡು ಬಲ್ಬುಗಳನ್ನೂ ಸರಣಿಯಲ್ಲಿ ಜೋಡಿಸಿದರೆ ಹೇಗೆ? ಆಗ ಪ್ರತಿ ಬಲ್ಬಿಗೂ 6 ವೋಲ್ಟ್ ಸಿಗುತ್ತದೆ. ಆದರೆ ವೋಲ್ಟೇಜ್ ಅರ್ಧವಾದರೆ ಫಿಲಮೆಂಟಿನ ಬೆಳಕು ಅರ್ಧಕ್ಕೆ ನಿಲ್ಲುವುದಿಲ್ಲ, ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ದೂರಕ್ಕೆ ಚಾಚುವ ಪ್ರಖರ ಹೈ ಬೀಮ್‌ಗೆ ಈ ಉಪಾಯ ಹೊಂದುತ್ತದೆ, ಕೆಲವು ಕಾರು ಕಂಪನಿಗಳು ಬಳಸಿದ್ದೂ ಉಂಟು. ಫಾಗ್ ಲ್ಯಾಂಪಿಗೆ ಮಾಡಿದರೆ ಉಳಿಯುವುದು ಹಗಲಿನಲ್ಲಿ ಯಾರಿಗೂ ಕಾಣದ ಕೆಂಡದ ಬಣ್ಣ.

ವೈರು ಬದಲಿಸಿದ ಮಾತ್ರಕ್ಕೆ ದೀಪದ ಗಾಜು ಬದಲಾಗುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಮಂಜಿನ ಹನಿಗಳಿಗೆ ಬಡಿದ ಬೆಳಕು ಚದುರಿ ಚಾಲಕನ ಕಣ್ಣಿಗೇ ಮರಳುತ್ತದೆ. ಅದನ್ನು ತಪ್ಪಿಸಲೆಂದೇ ಫಾಗ್ ಲ್ಯಾಂಪನ್ನು ಕೆಳಗೆ ಕೂರಿಸಿ, ಬೆಳಕು ಮೇಲೇರದಂತೆ ಅಡ್ಡಗೆರೆ ಎಳೆದ ಹಾಗೆ ಕತ್ತರಿಸಿ, ರಸ್ತೆಯ ಮೇಲೆ ಅಗಲವಾಗಿ ಹಾಸುವಂತೆ ರೂಪಿಸಿರುತ್ತಾರೆ. ಡಿಆರ್‌ಎಲ್ ಕೆಲಸವೇ ಬೇರೆ. ಅದರ ಬೆಳಕು ಎದುರಿನವನ ಕಣ್ಣನ್ನು ಮುಟ್ಟಬೇಕು. ವಿಶ್ವಸಂಸ್ಥೆಯ ವಾಹನ ನಿಯಮದಂತೆ ಡಿಆರ್‌ಎಲ್ ನೇರ ಮುಂದಕ್ಕೆ ಕನಿಷ್ಠ 400 ಕ್ಯಾಂಡೆಲಾ ಬೆಳಕು ಬೀರಬೇಕು, 1200 ಮೀರಬಾರದು. ಕಣ್ಣಿನ ಮಟ್ಟಕ್ಕೆ ಬೆಳಕು ಏರದಂತೆ ತಡೆದಿರುವ ಫಾಗ್ ಲ್ಯಾಂಪು ಈ ಕೆಲಸವನ್ನು ಅರೆಮನಸ್ಸಿನಿಂದಲೇ ಮಾಡುತ್ತದೆ. ಕಾನೂನು ಒಪ್ಪಿದರೂ ಇದು ಎರಡನೇ ದರ್ಜೆಯ ಪರಿಹಾರವೆಂದೇ ನನ್ನ ತೀರ್ಮಾನ. ಮೀಸಲಾದ ಎಲ್‌ಇಡಿ ಡಿಆರ್‌ಎಲ್ ಇದಕ್ಕಿಂತ ಎಷ್ಟೋ ಕಡಿಮೆ ವಿದ್ಯುತ್ತಿನಲ್ಲಿ ಚೆನ್ನಾಗಿ ಕಾಣಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಾರಿನ ಹಿಂದಿದೆ. ಮುಂದೆ ಬೆಳಕು ಬಿದ್ದಿರುತ್ತದೆ, ಡ್ಯಾಶ್‌ಬೋರ್ಡೂ ಬೆಳಗುತ್ತಿರುತ್ತದೆ. ಕತ್ತಲಾದರೂ ಹೆಡ್‌ಲೈಟ್ ಹಾಕಿಲ್ಲವೆಂಬುದು ಚಾಲಕನ ಗಮನಕ್ಕೇ ಬರುವುದಿಲ್ಲ. ಹೆಡ್‌ಲೈಟ್ ಇಲ್ಲವೆಂದರೆ ಟೈಲ್‌ಲೈಟೂ ಇಲ್ಲ, ಹಿಂದಿನಿಂದ ವೇಗವಾಗಿ ಬರುವ ಲಾರಿಗೆ ಆ ಕಾರು ಕಾಣುವುದೇ ಇಲ್ಲ. ಕೆನಡಾದಲ್ಲಿ ಇಂಥವನ್ನು ಭೂತವಾಹನಗಳೆಂದೇ ಕರೆಯುತ್ತಾರೆ. ಈ ಕಾಟ ಹೆಚ್ಚಿದ್ದರಿಂದ 2021ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ವಾಹನಗಳಿಗೆ ಇನ್ನೊಂದು ನಿಯಮ ಬಂತು: ಡಿಆರ್‌ಎಲ್ ಜೊತೆ ಟೈಲ್‌ಲೈಟೂ ಉರಿಯಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ದೀಪಗಳೂ ತಾವಾಗಿ ಹತ್ತಬೇಕು, ಅದೂ ಇಲ್ಲದಿದ್ದರೆ ಹೆಡ್‌ಲೈಟ್ ಹಾಕುವವರೆಗೆ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಇರಬೇಕು. ಮನೆಯಲ್ಲೋ ಗ್ಯಾರೇಜಿನಲ್ಲೋ ಫಾಗ್ ಲ್ಯಾಂಪಿನ ವೈರಿಂಗ್ ಬದಲಿಸಿಕೊಳ್ಳುವವರಿಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ. ಆ ಕೆಲಸ ಮಾಡಿಸುವವರು ಟೈಲ್‌ಲೈಟಿಗೂ ಅದರೊಡನೆಯೇ ಒಂದು ದಾರಿ ಮಾಡಿಸಿಕೊಳ್ಳಿ. ಅದು ಆಗದಿದ್ದರೆ, ಸಂಜೆಯಾಗುತ್ತಲೇ ಹೆಡ್‌ಲೈಟ್ ಸ್ವಿಚ್ ತಿರುಗಿಸುವುದನ್ನು ದಯವಿಟ್ಟು ಮರೆಯಬೇಡಿ.