ಬೆಂಕಿಯೇ ಒತ್ತುವ ತಿದಿ

ಇಂದಿರಾನಗರದ ಹಳೆಯ ನಿವಾಸಿಗಳು ತಮ್ಮ ವಿಳಾಸವನ್ನು ಇಂದಿಗೂ 'ಎಚ್.ಎ.ಎಲ್. ಎರಡನೆಯ ಹಂತ' ಎಂದು ಹೇಳುವುದುಂಟು. ಬಡಾವಣೆಯ ಹೆಸರಿನಲ್ಲಿಯೇ ವಿಮಾನದ ಕಾರ್ಖಾನೆ ಸೇರಿಕೊಂಡಿದೆ. ಕೋಡಿಹಳ್ಳಿಯ ಬಳಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅದರಾಚೆ, ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ತೊಡಗಿಸಿದ ವಿಮಾನ ಕಾರ್ಖಾನೆ, ಪೂರ್ವಕ್ಕೆ ಸಿ.ವಿ. ರಾಮನ್ ನಗರದಲ್ಲಿ, ಕಾನ್ಪುರದಲ್ಲಿ ಹುಟ್ಟಿ 1961ರಲ್ಲಿ ಬೆಂಗಳೂರಿಗೆ ಬಂದ ಅನಿಲ ಟರ್ಬೈನು ಸಂಶೋಧನ ಸಂಸ್ಥೆ. ಇಂಥ ನೆರೆಹೊರೆಯಲ್ಲಿ ಬೆಳೆದ ಹುಡುಗನೊಬ್ಬ ಶಿವಾಜಿನಗರದ ಗುಜರಿಯಿಂದ ಹಳೆಯ ಲಾರಿಯ ಟರ್ಬೊಚಾರ್ಜರೊಂದನ್ನು ಹೊತ್ತು ತಂದು, 'ಇದರಿಂದ ಜೆಟ್ ಎಂಜಿನು ಮಾಡಬಹುದಂತೆ, ನಿಜವೇ ಸಾರ್?' ಎಂದು ಕೇಳಿದರೆ ಅಚ್ಚರಿಪಡಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಹಾಗೆ ಕೇಳಿದವನೊಬ್ಬನಿದ್ದಾನೆ. ಎಂಜಿನಿಯರಿಂಗ್ ಓದುತ್ತಿರುವವನು. ನಿಜವೆಂದೇ ನಾನು ಹೇಳಿದೆ. ಏಕೆ ನಿಜ, ಎಷ್ಟರಮಟ್ಟಿಗೆ ನಿಜ ಎಂಬುದನ್ನು ಇಲ್ಲಿ ತುಸು ವಿಸ್ತರಿಸುತ್ತೇನೆ.

ಡೀಸೆಲ್ ಎಂಜಿನು ಉಗುಳುವ ಹೊಗೆಯಲ್ಲಿ ಬಿಸಿಯೂ ರಭಸವೂ ಇನ್ನೂ ಉಳಿದಿರುತ್ತವೆ. ಆ ಹೊಗೆಯ ದಾರಿಯಲ್ಲಿ ಅಲಗುಗಳುಳ್ಳ ಚಕ್ರವೊಂದನ್ನಿಟ್ಟರೆ ಅದು ಗಿರ್ರನೆ ತಿರುಗುತ್ತದೆ. ಇದು ಟರ್ಬೈನು. ಅದೇ ಅಚ್ಚಿನ ಮತ್ತೊಂದು ತುದಿಯಲ್ಲಿ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಎಂಜಿನಿನ ಒಳಕ್ಕೆ ತುಂಬುತ್ತದೆ. ಇದು ಸಂಪೀಡಕ. ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಎಣ್ಣೆ ಉರಿಯಬಲ್ಲದು, ಅದೇ ಎಂಜಿನು ಹೆಚ್ಚು ಭಾರ ಎಳೆಯಬಲ್ಲದು. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲಿ ಪೇಟೆಂಟು ಪಡೆದ.

ಈಗ ಲಾರಿಯ ಎಂಜಿನನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಬರಿಯ ಬೆಂಕಿಯನ್ನು ಇಡೋಣ. ಸಂಪೀಡಕದಿಂದ ಬಂದ ಒತ್ತಿದ ಗಾಳಿ ಒಂದು ಕೊಳವೆಯೊಳಗೆ ಹೊಕ್ಕು, ಅಲ್ಲಿ ಇಂಧನದೊಡನೆ ಉರಿದು, ಹಿಗ್ಗಿ, ಟರ್ಬೈನಿನ ಮೂಲಕ ಹೊರಬೀಳುತ್ತದೆ. ಟರ್ಬೈನು ಸಂಪೀಡಕವನ್ನು ತಿರುಗಿಸುತ್ತದೆ. ಸಂಪೀಡಕ ಮತ್ತಷ್ಟು ಗಾಳಿಯನ್ನು ತರುತ್ತದೆ. ಕಮ್ಮಾರನ ಕುಲುಮೆಯನ್ನು ನೆನೆಸಿಕೊಳ್ಳಿ. ಅಲ್ಲಿ ತಿದಿ ಒತ್ತಲು ಒಬ್ಬ ಆಳು ಬೇಕು. ಇಲ್ಲಿ ಬೆಂಕಿಯೇ ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುತ್ತದೆ. ಅನಿಲ ಟರ್ಬೈನೆಂದರೆ ಇಷ್ಟೆ.

ಕೇಳಲು ಇಷ್ಟು ಸುಲಭವಾದ ಈ ಯಂತ್ರಕ್ಕೆ ಜಾನ್ ಬಾರ್ಬರ್ ಎಂಬಾತ ಇಂಗ್ಲೆಂಡಿನಲ್ಲಿ 1791ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದ. ಆದರೆ ತನ್ನ ತಿದಿಯನ್ನೂ ಒತ್ತಿಕೊಂಡು, ಮೇಲೆ ಕೊಂಚ ಶಕ್ತಿಯನ್ನೂ ಉಳಿಸಿಕೊಟ್ಟ ಮೊದಲ ಯಂತ್ರ ನಡೆದದ್ದು 1903ರಲ್ಲಿ, ನಾರ್ವೆಯ ಏಗಿಡಿಯಸ್ ಎಲಿಂಗನ ಕೈಯಲ್ಲಿ. ಉಳಿದದ್ದು 11 ಅಶ್ವಶಕ್ತಿ! ನೂರಕ್ಕೂ ಮಿಕ್ಕಿ ವರ್ಷಗಳ ಈ ತಡಕ್ಕೆ ಕಾರಣ ಲೆಕ್ಕಪುಸ್ತಕದಲ್ಲಿದೆ. ಗಾಳಿಯನ್ನು ಒತ್ತುವುದು ದುಬಾರಿ ಕೆಲಸ. ಲಾರಿಯ ಟರ್ಬೊಚಾರ್ಜರನ್ನೇ ತೆಗೆದುಕೊಳ್ಳಿ: ಗಾಳಿಯ ಒತ್ತಡವನ್ನು ಎರಡರಷ್ಟು ಮಾಡಿದೆವೆನ್ನೋಣ. ಎರಡೂ ಚಕ್ರಗಳು ನೂರಕ್ಕೆ ಎಪ್ಪತ್ತರಷ್ಟು ದಕ್ಷವಾಗಿದ್ದು, ಅನಿಲ 700 ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಾಗಿದ್ದರೆ, ಟರ್ಬೈನು ದುಡಿದ ನೂರು ರೂಪಾಯಿಯಲ್ಲಿ ಸುಮಾರು ಎಂಬತ್ತು ಸಂಪೀಡಕದ ಸಂಬಳಕ್ಕೇ ಹೋಗುತ್ತದೆ. ಚಕ್ರಗಳು ಇನ್ನು ಸ್ವಲ್ಪ ಒರಟಾದರೆ ಉಳಿತಾಯ ಸೊನ್ನೆ, ಯಂತ್ರ ನಿಂತುಹೋಗುತ್ತದೆ. ಮನೆಯಲ್ಲಿ ಎಂಜಿನು ಕಟ್ಟುವವನು ಟರ್ಬೊಚಾರ್ಜರಿಗೆ ಶರಣಾಗುವುದು ಇದಕ್ಕಾಗಿಯೇ. ನಿಖರವಾಗಿ ಎರಕ ಹೊಯ್ದು ತೂಕ ಸರಿದೂಗಿಸಿದ ಎರಡು ಚಕ್ರಗಳೂ, ಅವುಗಳ ಅಚ್ಚೂ, ಕವಚವೂ ಒಟ್ಟಿಗೆ ಅವನಿಗೆ ಗುಜರಿ ಬೆಲೆಗೆ ಸಿಗುತ್ತವೆ.

ಅವನು ತಾನಾಗಿ ಮಾಡಬೇಕಾದದ್ದು ಮುಖ್ಯವಾಗಿ ದಹನದ ಕೊಳವೆ. ಈ ಯಂತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಅದೇ. ಪೆಟ್ರೋಲು, ಅಡುಗೆ ಅನಿಲ ಮುಂತಾದವುಗಳ ಜ್ವಾಲೆ ನಿಶ್ಚಲವಾದ ಗಾಳಿಯಲ್ಲಿ ಮುಂದಕ್ಕೆ ಹಬ್ಬುವುದು ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆ ವೇಗದಲ್ಲಿ. ಸಂಪೀಡಕದಿಂದ ಬರುವ ಗಾಳಿಯೋ ಬಿರುಗಾಳಿ. ಬಿರುಗಾಳಿಯಲ್ಲಿ ಹಣತೆ ಹಚ್ಚುವ ಸಮಸ್ಯೆ ಇದು. ನಮ್ಮ ಹಿರಿಯರ ಲಾಂದ್ರದ ಗಾಜು ಮಾಡುತ್ತಿದ್ದುದನ್ನೇ ಇಲ್ಲಿ ಉಕ್ಕಿನ ತೆಳು ಕೊಳವೆಯೊಂದು ಮಾಡುತ್ತದೆ. ದೊಡ್ಡ ಕೊಳವೆಯೊಳಗೆ ಜರಡಿಯಂತೆ ತೂತು ಕೊರೆದ ಸಣ್ಣ ಕೊಳವೆ. ಉರಿ ಇರುವುದು ಒಳಗಿನದರಲ್ಲಿ. ಇಂಧನದ ಮೂತಿಯ ಬಳಿಯ ಸಣ್ಣ ತೂತುಗಳಿಂದ ಗಾಳಿಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಒಳಗೆ ಬರುತ್ತದೆ, ಬಂದು ಸುಳಿಯಾಗಿ ಹಿಂದಕ್ಕೆ ತಿರುಗುತ್ತದೆ. ಆ ಸುಳಿಯ ಮರೆಯಲ್ಲಿ ಜ್ವಾಲೆ ನೆಲೆ ನಿಲ್ಲುತ್ತದೆ. ಅಲ್ಲಿಯ ಶಾಖ 2000 ಡಿಗ್ರಿಯ ಆಸುಪಾಸು. ಅದನ್ನು ನೇರವಾಗಿ ಟರ್ಬೈನಿಗೆ ಬಿಟ್ಟರೆ ಅಲಗುಗಳು ಕರಗುತ್ತವೆ. ಆದ್ದರಿಂದ ಮುಂದಿನ ಸಾಲಿನ ತೂತುಗಳಿಂದ ಇನ್ನಷ್ಟು ಗಾಳಿ, ಅರೆಬೆಂದ ಇಂಧನವನ್ನು ಪೂರ್ತಿ ಉರಿಸಲು. ಕೊನೆಯ ಸಾಲಿನ ದೊಡ್ಡ ತೂತುಗಳಿಂದ ಉಳಿದರ್ಧ ಗಾಳಿ, ಎಲ್ಲವನ್ನೂ 700 ಡಿಗ್ರಿಯ ಹತ್ತಿರಕ್ಕೆ ತಣಿಸಲು. ಅಂದರೆ ಕಷ್ಟಪಟ್ಟು ಒತ್ತಿದ ಗಾಳಿಯ ಹೆಚ್ಚಿನ ಪಾಲು ಉರಿಯುವುದೇ ಇಲ್ಲ, ಬೆಂಕಿಯನ್ನು ಪಳಗಿಸಲು ವ್ಯಯವಾಗುತ್ತದೆ.

ಮಿಕ್ಕವನ್ನು ಬೇಗ ಹೇಳಿಬಿಡಬಹುದು. ಅಚ್ಚು ಲೋಹಕ್ಕೆ ತಾಗದಂತೆ ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತ ತಿರುಗುತ್ತದೆ. ಲಾರಿಯಲ್ಲಿ ಆ ಎಣ್ಣೆಯನ್ನು ಲಾರಿಯ ಎಂಜಿನೇ ಒದಗಿಸುತ್ತಿತ್ತು, ಇಲ್ಲಿ ಅದಕ್ಕೆ ಬೇರೆ ಪಂಪು ಬೇಕು. ಕಿಡಿಗೆ ಸ್ಪಾರ್ಕ್ ಪ್ಲಗ್ಗು. ಮೊದಲು ಚಕ್ರ ತಿರುಗಿಸಲು ಗಾಳಿ ಊದುವ ಯಂತ್ರ. ಊದಿ, ಕಿಡಿ ಹೊತ್ತಿಸಿ, ಇಂಧನ ಬಿಟ್ಟು, ತಿದಿ ತನ್ನಷ್ಟಕ್ಕೆ ನಡೆಯತೊಡಗಿದ ಮೇಲೆ ಊದುವುದನ್ನು ತೆಗೆಯಬೇಕು. ನಿಲ್ಲಿಸಿದ ಮೇಲೂ ಎಣ್ಣೆ ಹರಿಯುತ್ತಿರಬೇಕು, ಇಲ್ಲವಾದರೆ ಕಾದ ಟರ್ಬೈನಿನ ಬಿಸಿ ಅಚ್ಚಿನಗುಂಟ ಬಂದು ಎಣ್ಣೆಯನ್ನು ಇದ್ದಿಲು ಮಾಡುತ್ತದೆ.

ನಮ್ಮ ಹುಡುಗ ಇದನ್ನು ಮನೆಯ ತಾರಸಿಯ ಮೇಲೆ ನಡೆಸುವೆನೆಂದ. ನಾನು ಒಪ್ಪಲಿಲ್ಲ, ಅವನ ತಾಯಿಗೂ ಹೇಳಿದೆ. ಕಾರಣ ಇದು. ಆರು ಸೆಂಟಿಮೀಟರಿನ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 314 ಮೀಟರು, ಹೆಚ್ಚುಕಡಿಮೆ ಶಬ್ದದ ವೇಗ. ಆ ಅಂಚಿನಲ್ಲಿರುವ ಒಂದೇ ಒಂದು ಗ್ರಾಂ ಲೋಹ 300 ಕಿಲೋಗ್ರಾಮಿಗೂ ಮಿಕ್ಕ ಬಲದಿಂದ ಹೊರಕ್ಕೆ ಜಗ್ಗುತ್ತದೆ. ಶಾಖ ಹದ ತಪ್ಪಿ ಲೋಹ ಸೋತರೆ ಬಿಡುಗಡೆಯಾಗುವುದು ಬಂದೂಕಿನ ಗುಂಡಿನಂಥ ಚೂರುಗಳು. ಚಕ್ರದ ಸಮತಲದಲ್ಲಿ ಯಾರೂ ನಿಲ್ಲಕೂಡದು. ದಪ್ಪ ಉಕ್ಕಿನ ಮರೆ ಇರಬೇಕು. ಶಾಖವನ್ನೂ ಎಣ್ಣೆಯ ಒತ್ತಡವನ್ನೂ ತೋರಿಸುವ ಮಾಪಕಗಳಿಲ್ಲದೆ ಕಿಡಿ ಹೊತ್ತಿಸಕೂಡದು. ಇಂಧನವನ್ನು ಒಂದೇ ತಿರುವಿನಲ್ಲಿ ಕಡಿಯುವ ಕವಾಟ ದೂರದಲ್ಲಿ, ಕೈಗೆಟಕುವಂತಿರಬೇಕು. ಇಷ್ಟನ್ನೂ ಒಪ್ಪಿ ಅವನು ಕೆ.ಆರ್. ಪುರದಾಚೆಯ ಬಯಲೊಂದರಲ್ಲಿ ಯಂತ್ರವನ್ನು ಹೂಡಿದ. ಮೂರು ಸಲ ಜ್ವಾಲೆ ಆರಿತು. ನಾಲ್ಕನೆಯ ಸಲ ಊದುವುದನ್ನು ತೆಗೆದ ಮೇಲೂ ಕೀರಲು ದನಿ ಇಳಿಯದೆ ಏರುತ್ತ ಹೋದಾಗ, ಮರೆಯ ಹಿಂದಿದ್ದ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ.

ಹೀಗೆ ಹತೋಟಿ ಮೀರಿ ಏರುವ ದನಿಯನ್ನು ಮೊದಲು ಕೇಳಿದವರಲ್ಲಿ ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ ಒಬ್ಬ. 1930ರಲ್ಲಿ ಜೆಟ್ ಎಂಜಿನಿಗೆ ಪೇಟೆಂಟು ಕೋರಿದ ಆತ 1935ರಲ್ಲಿ ಅದನ್ನು ನವೀಕರಿಸಲು ಬೇಕಾದ ಐದು ಪೌಂಡುಗಳಿಲ್ಲದೆ ಹಕ್ಕನ್ನು ಕಳೆದುಕೊಂಡ. 1937ರ ಏಪ್ರಿಲಿನಲ್ಲಿ ಅವನ ಯಂತ್ರ ಮೊದಲ ಬಾರಿಗೆ ನಡೆದಾಗ, ಕೊಠಡಿಯಲ್ಲಿ ಮೊದಲೇ ಮಡುಗಟ್ಟಿದ್ದ ದ್ರವ ಇಂಧನ ಹೊತ್ತಿಕೊಂಡು, ಕವಾಟ ಮುಚ್ಚಿದರೂ ವೇಗ ಏರಿತು, ಸುತ್ತಲಿದ್ದವರು ಓಡಿದರು. ಹೊಸಬರು ಸೀಮೆಎಣ್ಣೆಯನ್ನು ಬಿಟ್ಟು ಅನಿಲವನ್ನೇ ಇಂಧನವಾಗಿ ಬಳಸುವುದು ಮೇಲೆಂದು ನಾನು ಹೇಳುವುದು ಇದನ್ನು ನೆನೆದೇ. ಟರ್ಬೊಚಾರ್ಜರಿನಿಂದ ಜೆಟ್ ಎಂಜಿನಿನ ಕಡೆಗಿನ ಹಾದಿ ಕೂಡ ಹುಡುಗಾಟದ್ದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ವಿಮಾನದ ಎಂಜಿನಿಗೆ ಟರ್ಬೊಚಾರ್ಜರು ತೊಡಿಸಿ, 14,000 ಅಡಿ ಎತ್ತರದ ಪೈಕ್ಸ್ ಶಿಖರಕ್ಕೆ ಒಯ್ದು ಪರೀಕ್ಷಿಸಿದ್ದ. 1941ರಲ್ಲಿ ವಿಟ್ಲನ ಎಂಜಿನನ್ನು ಅಮೆರಿಕದಲ್ಲಿ ಮಾಡಬೇಕಾಗಿ ಬಂದಾಗ ಆ ಕೆಲಸ ಅದೇ ಕಂಪೆನಿಗೆ ಹೋದದ್ದು ಈ ಅನುಭವದ ದೆಸೆಯಿಂದ.

ಇನ್ನು ನಮ್ಮ ನೆರೆಹೊರೆಯ ಮಾತು. ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರನ ಮುಂದಾಳುತನದಲ್ಲಿ ಇಲ್ಲಿ ರೂಪುಗೊಂಡ 'ಮಾರುತ್' ಯುದ್ಧವಿಮಾನ 1961ರ ಜೂನಿನಲ್ಲಿ ಮೊದಲು ಹಾರಿತು. ಒಡಲು ಶಬ್ದದ ಎರಡರಷ್ಟು ವೇಗಕ್ಕೆಂದು ಕಲ್ಪಿಸಿದ್ದು. ದೊರೆತ ಎಂಜಿನು ಆ ವೇಗಕ್ಕೆ ಸಾಲದ ಆರ್ಫಿಯಸ್. ತಕ್ಕ ಎಂಜಿನು ಕೊನೆಗೂ ಸಿಗಲಿಲ್ಲ. ಆ ವಿಮಾನವನ್ನು ಮೊದಲು ಹಾರಿಸಿದ ಸುರಂಜನ್ ದಾಸ್, ಅದರದೇ ಹೆಚ್ಚು ಶಕ್ತಿಯ ಮಾದರಿಯೊಂದನ್ನು ಪರೀಕ್ಷಿಸುತ್ತ 1970ರ ಜನವರಿಯಲ್ಲಿ ಮಡಿದರು. ಹಳೆ ಮದ್ರಾಸು ರಸ್ತೆಯಿಂದ ಹಳೆ ವಿಮಾನನಿಲ್ದಾಣದ ರಸ್ತೆಗೆ ಹೋಗುವವರು ದಿನವೂ ಅವರ ಹೆಸರಿನ ರಸ್ತೆಯಲ್ಲಿ ಹಾಯುತ್ತಾರೆ, ಬಹುಮಂದಿ ಹೆಸರಿನ ಮೂಲ ತಿಳಿಯದೆ.

1989ರಲ್ಲಿ ಮಂಜೂರಾದ 'ಕಾವೇರಿ' ಎಂಜಿನು 1996ರಲ್ಲಿ ಮೊದಲು ನಡೆಯಿತು. ತೇಜಸ್ ವಿಮಾನ ಮಾತ್ರ 2001ರಲ್ಲಿ ಅಮೆರಿಕದ ಎಂಜಿನಿನಿಂದ ಹಾರಿತು. 2008ರಲ್ಲಿ ಕಾವೇರಿಯನ್ನು ತೇಜಸ್ಸಿನಿಂದ ಬೇರ್ಪಡಿಸಲಾಯಿತು. 2010ರಲ್ಲಿ ಅದು ರಷ್ಯದಲ್ಲಿ ದೊಡ್ಡ ಸಾಗಣೆ ವಿಮಾನದ ರೆಕ್ಕೆಯಡಿ ಹಾರಿದ್ದುಂಟು. ಇದನ್ನು ಬರಿಯ ಸೋಲೆಂದು ಬರೆಯುವವರ ಜೊತೆ ನನಗೆ ಸಮ್ಮತವಿಲ್ಲ. ಬಯಲಿನಲ್ಲಿ ಯಂತ್ರ ಹೂಡಿದ ಹುಡುಗನನ್ನು ನೋಡಿದರೆ ಕಷ್ಟ ಎಲ್ಲಿದೆಯೆಂದು ಗೊತ್ತಾಗುತ್ತದೆ. ಕೊಳವೆ, ತೂತು, ಪಂಪು, ಕವಾಟ ಎಲ್ಲವನ್ನೂ ಅವನು ಮಾಡಿಕೊಂಡ. ಕೆಂಪಗೆ ಕಾದು ತಿರುಗುವ ನಿಕಲ್ ಮಿಶ್ರಲೋಹದ ಆ ಪುಟ್ಟ ಚಕ್ರವೊಂದನ್ನು ಕೊಂಡು ತಂದ. ದೊಡ್ಡ ಎಂಜಿನಿನಲ್ಲಿ ಅಲಗುಗಳ ಸುತ್ತಲಿನ ಅನಿಲ ಅಲಗಿನ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು ಬಿಸಿಯಾಗಿರುತ್ತದೆ. ಅಲಗಿನ ಒಳಗೇ ಕೂದಲೆಳೆಯ ದಾರಿಗಳಲ್ಲಿ ತಂಪುಗಾಳಿ ಹರಿಸಬೇಕು, ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯಬೇಕು. ಈ ವಿದ್ಯೆಯನ್ನು ಬಲ್ಲ ದೇಶಗಳು ಬೆರಳೆಣಿಕೆಯವು. ಅವು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಅಂಥ ಒಂದೇ ಹರಳಿನ 60 ಅಲಗುಗಳನ್ನು ಎರಕ ಹೊಯ್ದು, ಹೆಲಿಕಾಪ್ಟರಿನ ಎಂಜಿನಿಗೆಂದು, ನಮ್ಮ ಬಡಾವಣೆಗೆ ಹೆಸರು ಕೊಟ್ಟ ಎಚ್.ಎ.ಎಲ್. ಸಂಸ್ಥೆಗೆ ಒಪ್ಪಿಸಿದ್ದು 2021ರಲ್ಲಿ.