ಜೇಬಿನಲ್ಲಿ ಮಡಚಿಟ್ಟ ಚಾಕು



ಕಳೆದ ತಿಂಗಳ ಫೋನ್-ಇನ್ ಕಾರ್ಯಕ್ರಮದಲ್ಲಿ ನಿಮಗೊಂದು ಪ್ರಶ್ನೆ ಕೇಳಿದ್ದೆ: ಊರಿನಿಂದ ತಂದು ಮುಂಬಯಿಯ ಮನೆಯಲ್ಲಿ ಇನ್ನೂ ಜೋಪಾನವಾಗಿ ಇಟ್ಟುಕೊಂಡಿರುವ ವಸ್ತು ಯಾವುದು? ಹೆಚ್ಚಿನವರು ಹೇಳಿದ್ದು ದೋಸೆ ಕಾವಲಿ, ಹೆರೆಮಣೆ, ಅಜ್ಜಿಯ ಸೀರೆ. ಪವಾಯಿಯಿಂದ ಕರೆ ಮಾಡಿದ ಹಿರಿಯರೊಬ್ಬರು ಮಾತ್ರ "ಅಪ್ಪಯ್ಯನ ಮಡಚು ಚಾಕು" ಎಂದರು. ಬೆಳಿಗ್ಗೆ ಪವಾಯಿ ಕೆರೆಯ ದಂಡೆಯಲ್ಲಿ ನಡೆದು ಬಂದು, ಬೆಂಚಿನ ಮೇಲೆ ಕೂತು, ಆ ಚಾಕುವಿನಲ್ಲಿ ಪೇರಳೆ ಹಣ್ಣು ಕೊಯ್ದು ತಿನ್ನುವುದು ಅವರ ರೂಢಿಯಂತೆ. ಮಗನಿಗೆ ಮಾತ್ರ ಇದು ಸುತರಾಂ ಇಷ್ಟವಿಲ್ಲ. "ಪೊಲೀಸರು ಹಿಡಿದರೆ ಎಂತ ಹೇಳ್ತೀರಿ ಅಪ್ಪಾ?" ಎಂದು ದಿನಾ ಜಗಳ. "ಮೇಡಂ, ಪೇರಳೆ ಕೊಯ್ದು ತಿಂದ್ರೆ ನಾನೇನು ಕಳ್ಳನಾ? ನೀವೇ ಹೇಳಿ" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ನಕ್ಕು, ಹಾಡು ಹಾಕಿಬಿಟ್ಟೆ. ಆ ನಗು ಆಮೇಲೆ ನನಗೇ ಚುಚ್ಚತೊಡಗಿತು. ಅದಕ್ಕೇ ಈ ಬರಹ.

ನಮ್ಮಜ್ಜನ ಹತ್ತಿರವೂ ಅಂಥದೊಂದಿತ್ತು. ಕುಂದಾಪುರದ ಕಡೆಯ ಮನೆ ನಮ್ಮದು. ಎಲೆ-ಅಡಿಕೆ ಸಂಚಿಯೊಳಗೆ ಸುಣ್ಣದ ಡಬ್ಬಿಯ ಜೊತೆಗೆ ಹಿತ್ತಾಳೆ ಹಿಡಿಯ ಪುಟ್ಟ ಚಾಕು. ಒಣ ಅಡಿಕೆಗೆ ಅಡಕತ್ತರಿ, ಹಸಿ ಅಡಿಕೆಗೆ ಚಾಕು. ಅಷ್ಟೇ ಅಲ್ಲ, ಬಾಳೆನಾರು ಕೊಯ್ಯುವುದು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವುದು, ಮೊಮ್ಮಕ್ಕಳ ಪೆನ್ಸಿಲ್ ಕೆತ್ತುವುದು ಎಲ್ಲ ಅದರಲ್ಲೇ. ಅಲಗು ಮಾತ್ರ ಯಾವಾಗಲೂ ಕಪ್ಪು. ತೊಳೆಯದೆ ಕಪ್ಪಾಗಿದೆ ಎಂದು ನಾನು ಭಾವಿಸಿದ್ದೆ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ಕಪ್ಪು ಹುಟ್ಟುತ್ತದೆ. ಹಳೆಯ ಕಾಲದ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಇದೇ ರಸಾಯನದಿಂದ ಎಂದು ತಿಳಿದದ್ದು ಬಹಳ ತಡವಾಗಿ. ಆ ಕಪ್ಪು ಕೊಳೆಯಲ್ಲ. ಅಲಗು ಸ್ಟೇನ್‌ಲೆಸ್ ಅಲ್ಲ, ಮಾಮೂಲಿ ಉಕ್ಕು ಎನ್ನುವುದರ ಗುರುತು.

ಮಡಚುವ ಚಾಕು ಬಹಳ ಹಳೆಯ ಉಪಾಯ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದ್ದಕ್ಕೆ ಎರಡೂವರೆ ಸಾವಿರ ವರ್ಷಗಳ ವಯಸ್ಸು ಹೇಳುತ್ತಾರೆ. ಉದ್ದೇಶ ಸರಳ: ಹರಿತವಾದದ್ದನ್ನು ಮೈಗೆ ತಾಗದಂತೆ ಒಯ್ಯಬೇಕು. ನಮ್ಮ ಕೊಡವರ ಪೀಚೆಕತ್ತಿಯೂ ಸೊಂಟದಲ್ಲೇ ಇರುತ್ತದೆ, ಆದರೆ ಅದಕ್ಕೆ ಒರೆ ಇದೆ, ಬೆಳ್ಳಿಯ ಕೆಲಸ ಇದೆ, ಅದು ಎಲ್ಲರಿಗೂ ಕಾಣಲೆಂದೇ ಧರಿಸುವ ಆಭರಣ. ಮಡಚು ಚಾಕು ಹಾಗಲ್ಲ. ಅದರ ಹಿಡಿಯೇ ಅದರ ಒರೆ.

ಒಳಗಿನ ಯಂತ್ರವನ್ನು ಸ್ವಲ್ಪ ನೋಡೋಣ, ಏಕೆಂದರೆ ಮುಂದೆ ಕಾನೂನಿನ ಮಾತು ಬಂದಾಗ ಇದು ಬೇಕಾಗುತ್ತದೆ. ಅತ್ಯಂತ ಸರಳವಾದದ್ದಕ್ಕೆ ಒಂದೇ ಕೀಲು, ಸ್ಪ್ರಿಂಗ್ ಇಲ್ಲ; ಕೀಲಿನ ಬಿಗಿಯಿಂದಲೇ ಅಲಗು ನಿಲ್ಲಬೇಕು. ಜಪಾನಿನ ಮಿಕಿ ಎಂಬ ಊರಿನ ಹಿಗೊನೊಕಾಮಿ ಚಾಕು ಇಂಥದು. ಅಲಗಿನ ಹಿಂದೆ ಚಿಕ್ಕದೊಂದು ನಾಲಿಗೆ ಇರುತ್ತದೆ, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೆಲಸ ಮಾಡಬೇಕು. ಎರಡನೆಯ ಬಗೆಯಲ್ಲಿ ಹಿಡಿಯ ಬೆನ್ನಿಗೆ ಉಕ್ಕಿನ ಪಟ್ಟಿಯ ಸ್ಪ್ರಿಂಗ್. ತೆರೆದಾಗಲೂ ಮಡಚಿದಾಗಲೂ ಅಲಗನ್ನು ಅದು ಒತ್ತಿ ಹಿಡಿಯುತ್ತದೆ, ಆದರೆ ಬೀಗ ಹಾಕುವುದಿಲ್ಲ. ಅಜ್ಜನ ಚಾಕು, ಐಐಟಿ ಹುಡುಗರ ಕೀಗೊಂಚಲಿನಲ್ಲಿ ತೂಗುವ ಪುಟ್ಟ ಕೆಂಪು ಸ್ವಿಸ್ ಚಾಕು ಎರಡೂ ಇದೇ ಜಾತಿ. ಆ ಸ್ವಿಸ್ ಚಾಕುವಿನ ಮೂಲ 1891ರ ಸೈನಿಕರ ಚಾಕು. ಡಬ್ಬಿ ತೆರೆಯಲಿಕ್ಕೆ, ಬಂದೂಕಿನ ಸ್ಕ್ರೂ ಬಿಚ್ಚಲಿಕ್ಕೆ ಎಂದು ಮಾಡಿದ್ದು. ಕಾರ್ಲ್ ಎಲ್ಸೆನರ್ 1897ರಲ್ಲಿ ಅದರ ಹಗುರ ರೂಪವನ್ನು ನೋಂದಾಯಿಸಿದ. ಮೂರನೆಯ ಬಗೆಗೆ ನಿಜವಾದ ಬೀಗ ಇರುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ಸೇರಿದ ತಿರುಗಿಸುವ ಉಂಗುರ ಇದಕ್ಕೆ ಸುಲಭ ಉದಾಹರಣೆ.

ನಾಲ್ಕನೆಯದು ನಮ್ಮ ದೇಶದ್ದೇ: ರಾಂಪುರಿ.

ಉತ್ತರ ಪ್ರದೇಶದ ರಾಂಪುರದಲ್ಲಿ ನವಾಬರ ಕಾಲದಿಂದ ಬಂದ ಕಸುಬು ಇದು. ಗರಾರಿ ಎನ್ನುವ ಹಲ್ಲಿನ ಮೇಲೆ ಕಟಕಟ ಸದ್ದು ಮಾಡುತ್ತ ತೆರೆಯುವುದೊಂದು, ಗುಂಡಿ ಒತ್ತಿದರೆ ಚಿಮ್ಮುವುದು ಇನ್ನೊಂದು. ಅದನ್ನು ಮನೆಮಾತು ಮಾಡಿದ್ದು ಮಾತ್ರ ನಮ್ಮ ಮುಂಬಯಿಯ ಸಿನಿಮಾ. 1965ರ 'ವಕ್ತ್' ಚಿತ್ರದಲ್ಲಿ ರಾಜ್‌ಕುಮಾರ್ (ನಮ್ಮ ಅಣ್ಣಾವ್ರಲ್ಲ, ಹಿಂದಿಯವರು!) ಚಾಕುವಿನ ಬಗ್ಗೆ ಆಡಿದ ಮಾತು ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠ ಇರಬಹುದು. ಆಮೇಲೆ 70ರ ದಶಕವಿಡೀ ಖಳನ ಕೈಯಲ್ಲಿ ಆ ಕಟಕಟ ಸದ್ದು. 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ಅಲ್ಲಿನ ಸರಕಾರ ನಿರ್ಬಂಧ ಹಾಕಿತು, ಕಸುಬು ಸೊರಗಿತು. ತಮಾಷೆ ಏನೆಂದರೆ, 2023ರ ಮಾರ್ಚ್‌ನಲ್ಲಿ ಅದೇ ರಾಂಪುರದ ಒಂದು ಚೌಕದಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ.

ಈಗ ಪವಾಯಿಯ ಅಪ್ಪ-ಮಗನ ಜಗಳಕ್ಕೆ ಬರುತ್ತೇನೆ. ನಾನು ಕನ್ನಡ ಬಿ.ಎ. ಓದಿದವಳು, ವಕೀಲಳಲ್ಲ. ಪುಸ್ತಕದಲ್ಲಿ ಇರುವುದನ್ನು ಹೇಳಬಲ್ಲೆ, ಅಷ್ಟೆ. 1959ರ ಆಯುಧ ಕಾಯ್ದೆ ಬರೇ ಮನೆಗೆಲಸ ಅಥವಾ ಕೃಷಿಗೆಂದೇ ಮಾಡಿದ ವಸ್ತುವನ್ನು ಆಯುಧ ಎನ್ನುವುದಿಲ್ಲ. ನಿಯಮಗಳು ಹೆಸರಿಸುವುದು ಖಡ್ಗ, ಕಠಾರಿ, ಭರ್ಜಿಗಳನ್ನು, ಮತ್ತು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವ ಚಾಕುವಿನಂಥವನ್ನು. ಅದರಲ್ಲೂ ಮನೆ, ಹೊಲ, ಪ್ರಯೋಗಶಾಲೆ, ಕಾರ್ಖಾನೆಯ ಕೆಲಸಕ್ಕೆ ಮಾಡಿದವಕ್ಕೆ ವಿನಾಯಿತಿ. 3 ಇಂಚಿನ ಪೇರಳೆ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಇಲ್ಲಿಗೆ ಅಪ್ಪ ಗೆದ್ದರು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಡೀ ದೇಶಕ್ಕೆ ಒಂದೇ ಅಳತೆಯೂ ಇಲ್ಲ. ದೆಹಲಿಯಲ್ಲಿ 1980ರ ಒಂದು ಅಧಿಸೂಚನೆ ಗುಂಡಿಯ ಚಾಕು, ಗರಾರಿಯ ಚಾಕು, ಸ್ಪ್ರಿಂಗ್‌ನಿಂದ ಚಿಮ್ಮುವ ಚಾಕುಗಳಿಗೆ ಪ್ರತ್ಯೇಕ ಗೆರೆ ಎಳೆದಿದೆ. ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಅದು ಆಯುಧದ ಲೆಕ್ಕ. ಯಂತ್ರದ ಮಾತು ಏಕೆ ಎತ್ತಿದೆ ಎಂದು ಈಗ ಗೊತ್ತಾಯಿತಲ್ಲ? ಒಂದೇ ಉದ್ದದ ಎರಡು ಚಾಕು, ಒಂದು ಉಗುರಿನಿಂದ ಎಳೆದು ತೆರೆಯುವುದು, ಇನ್ನೊಂದು ಗುಂಡಿ ಒತ್ತಿದರೆ ಚಿಮ್ಮುವುದು. ಕಾನೂನಿಗೆ ಅವೆರಡೂ ಬೇರೆ.

ನಮ್ಮ ಮುಂಬಯಿಯಲ್ಲಿ ಮುಖ್ಯವಾದದ್ದು 1951ರ ಪೊಲೀಸ್ ಕಾಯ್ದೆ. ಆಗ ಅದರ ಹೆಸರಿನಲ್ಲಿ ಬಾಂಬೆ ಇತ್ತು, ಈಗ ಮಹಾರಾಷ್ಟ್ರ ಎಂದಾಗಿದೆ. ಅದರ 37(1)ನೇ ಕಲಮಿನಡಿ ಪೊಲೀಸ್ ಕಮಿಷನರ್, ಶಾಂತಿ ಕಾಪಾಡಲು ಬೇಕೆನಿಸಿದ ಅವಧಿಗೆ, ಸಾರ್ವಜನಿಕ ಸ್ಥಳದಲ್ಲಿ ಆಯುಧಗಳನ್ನು ಒಯ್ಯುವುದನ್ನು ನಿಷೇಧಿಸಬಹುದು. ಆ ಪಟ್ಟಿಯಲ್ಲಿ ಖಡ್ಗ, ಬಂದೂಕುಗಳ ಜೊತೆ ಚಾಕು ಇದೆ, ಲಾಠಿಯೂ ಇದೆ. ಇಂಚಿನ ಲೆಕ್ಕವೇ ಇಲ್ಲ. ಹಬ್ಬ, ಚುನಾವಣೆ, ಗಲಾಟೆಯ ಕಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಆದೇಶ ಇದೇ. ಮೀರಿದರೆ 135ನೇ ಕಲಮಿನಡಿ ಶಿಕ್ಷೆ. ಇಲ್ಲಿ ಮಗನ ಮಾತಿಗೂ ಆಧಾರ ಸಿಕ್ಕಿತು. ಆದೇಶ ಜಾರಿಯಲ್ಲಿರುವ ದಿನ ಪೇರಳೆ ಹಣ್ಣು ಕೈಯಲ್ಲಿದ್ದರೂ, "ಇದು ಅಪ್ಪಯ್ಯನ ಕಾಲದ್ದು ಸಾಹೇಬ್ರೇ" ಎಂದು ಬೀಟ್ ಪೊಲೀಸರ ಮುಂದೆ ವಿವರಿಸುವ ಪ್ರಸಂಗ ಬರಬಹುದು.

ಇನ್ನು ಮೆಟ್ರೊ. ಪವಾಯಿಯವರು ಸಾಕಿನಾಕಾ ಸ್ಟೇಷನ್ ಹತ್ತುವಾಗ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ. ಆ ಪರದೆಯಲ್ಲಿ ಅಜ್ಜ, ಸಂಚಿ, ಅಡಿಕೆ ಯಾವುದೂ ಕಾಣುವುದಿಲ್ಲ. ಕಾಣುವುದು ಅಲಗಿನ ನೆರಳು ಮಾತ್ರ. ಅಲ್ಲಿ ವಾದಿಸಿ ಪ್ರಯೋಜನವಿಲ್ಲ, ಒಯ್ಯದಿರುವುದೇ ಲೇಸು. ಮಾಲು, ಸಿನಿಮಾ ಥಿಯೇಟರು, ಕ್ರಿಕೆಟ್ ಮೈದಾನಕ್ಕೂ ಇದೇ ಮಾತು.

ವಿಮಾನದ ವಿಷಯವನ್ನು ನಾನು ಅನುಭವದಿಂದಲೇ ಹೇಳಬೇಕು. ಅಜ್ಜ ತೀರಿಕೊಂಡ ಮೇಲೆ ಆ ಹಿತ್ತಾಳೆ ಚಾಕುವನ್ನು ಅಮ್ಮ ನನಗೆ ಕೊಟ್ಟಿದ್ದಳು. ಕೆಲವು ವರ್ಷಗಳ ಹಿಂದೆ ಊರಿಗೆ ಹೊರಟಾಗ, ಹಿಡಿಯ ಕೀಲು ಸಡಿಲವಾಗಿದೆ, ಊರಿನ ಆಚಾರಿಯ ಹತ್ತಿರ ಸರಿ ಮಾಡಿಸೋಣ ಎಂದು ಕೈಚೀಲದಲ್ಲಿ ಹಾಕಿಕೊಂಡೆ. ದೊಡ್ಡ ಪೆಟ್ಟಿಗೆ ಕೌಂಟರಿನಲ್ಲಿ ಆಗಲೇ ಹೋಗಿಬಿಟ್ಟಿತ್ತು. ತಪಾಸಣೆಯಲ್ಲಿ ಚಾಕು ಹೊರಬಂತು. ಸಿಬ್ಬಂದಿ ಹುಡುಗಿ ಒರಟಾಗಿ ಮಾತನಾಡಲಿಲ್ಲ, "ಹೊರಗೆ ಯಾರಾದರೂ ಇದ್ದರೆ ಕೊಟ್ಟು ಬನ್ನಿ" ಎಂದಳು. ಯಾರೂ ಇರಲಿಲ್ಲ. ವಿಮಾನಕ್ಕೆ ಇಪ್ಪತ್ತೈದು ನಿಮಿಷ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಸ್ಥಿತಿ ನನ್ನದು. ಪಾರದರ್ಶಕ ಡಬ್ಬಿಯಲ್ಲಿ ನೇಲ್‌ಕಟರ್, ಲೈಟರ್‌ಗಳ ಮೇಲೆ ಅದು ಟಣ್ ಎಂದು ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ತಪ್ಪು ಪೂರ್ತಿ ನನ್ನದೇ. ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅಮ್ಮನಿಗೆ ಆ ವಿಷಯ ಹೇಳಲು ನನಗೆ ಎರಡು ದಿನ ಬೇಕಾಯಿತು. ಅವಳು ಏನೂ ಅನ್ನಲಿಲ್ಲ, ಸಂಚಿಯನ್ನು ಮಾತ್ರ ಒಳಗಿಟ್ಟಳು.

"ಹೆಂಗಸರು ರಕ್ಷಣೆಗೆ ಒಂದು ಚಾಕು ಇಟ್ಟುಕೊಳ್ಳಬೇಡವೇ?" ಎಂದು ಗೆಳತಿಯರು ಕೇಳುವುದುಂಟು. 2013ರ ಜನವರಿಯಲ್ಲಿ, ದೆಹಲಿಯ ಆ ಘೋರ ಘಟನೆಯ ಬೆನ್ನಿಗೆ, ಮುಂಬಯಿಯಲ್ಲಿ ಒಂದು ರಾಜಕೀಯ ಪಕ್ಷ ಮಹಿಳೆಯರಿಗೆ ಚಾಕುಗಳನ್ನೇ ಹಂಚಿತ್ತು. ನನ್ನ ಅಭಿಪ್ರಾಯ ಬೇರೆ. ಜೇಬು ಚಾಕು ತೆರೆಯಲು ಎರಡೂ ಕೈ ಬೇಕು, ಉಗುರು ಬೇಕು, ಸಾವಧಾನ ಬೇಕು. ಬೀಗವಿಲ್ಲದ ಅಲಗು ಗಟ್ಟಿಯಾದದ್ದಕ್ಕೆ ತಾಗಿದರೆ ಮಡಚಿ ನಮ್ಮ ಬೆರಳಿನ ಮೇಲೇ ಬೀಳುತ್ತದೆ. ಅದು ಹಣ್ಣಿಗೆ, ಹಗ್ಗಕ್ಕೆ, ಪಾರ್ಸೆಲ್ಲಿನ ದಾರಕ್ಕೆ. ರಾತ್ರಿ ಕೊನೆಯ ಲೋಕಲ್‌ನಲ್ಲಿ ಅದನ್ನು ನಂಬಿ ಕೂರುವುದು ಬೇಡ.

ಸಂಗ್ರಹಿಸುವ ಹವ್ಯಾಸ ಇದ್ದವರಿಗೂ ಕೆಲವು ಮಾತು. ಮನೆಯ ಕಪಾಟಿನಲ್ಲಿಡುವ ಚಾಕುವಿಗೂ ದಾರಿಯಲ್ಲಿ ಒಯ್ಯುವ ಚಾಕುವಿಗೂ ವ್ಯತ್ಯಾಸವಿದೆ. ಕೊಂಡು ಮನೆಗೆ ತರುವಾಗಲೂ ಅದು ಪೊಟ್ಟಣದೊಳಗೆ, ರಸೀದಿಯೊಂದಿಗೆ ಇರಲಿ. ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹಳೆಯ ಚಾಕು ನೋಡುವಾಗ ಮೊದಲು ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೀಲು ಸಡಿಲವಿದ್ದರೆ ಬೆಲೆ ಇಳಿಸಿ ಕೇಳಬಹುದು. ಅಂಗಡಿಯವ ಫಳಫಳ ಹೊಳೆಸಿ ಇಟ್ಟಿದ್ದರೆ ಹಳೆಯ ಗುರುತು, ಮುದ್ರೆ ಎಲ್ಲ ಉಜ್ಜಿಹೋಗಿರುತ್ತದೆ, ಕಪ್ಪಾಗಿರುವುದೇ ಮೇಲು. ಎಲ್ಲಕ್ಕಿಂತ ಮುಖ್ಯ ಹಿಡಿ. ಮರ, ಹಿತ್ತಾಳೆ, ಎಮ್ಮೆಯ ಕೊಂಬು ಇದ್ದರೆ ಚಿಂತೆಯಿಲ್ಲ. ಜಿಂಕೆ, ಕಡವೆಯ ಕೊಂಬು ಅಥವಾ ದಂತ ಎಂದರೆ ಅಲ್ಲೇ ಇಟ್ಟು ಬನ್ನಿ. 1972ರ ವನ್ಯಜೀವಿ ಕಾಯ್ದೆ ಅದನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ಬಿಡುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಹುಲಿಯುಗುರಿನ ಲಾಕೆಟ್ ಎಷ್ಟು ಜನರ ನಿದ್ದೆ ಕೆಡಿಸಿತು, ನೆನಪಿದೆಯಲ್ಲ?

ಕಾನೂನಿನ ಗೊಡವೆಯೇ ಬೇಡ ಎನ್ನುವವರು ಅಡಕತ್ತರಿ ಸಂಗ್ರಹಿಸಬಹುದು. ಪುಣೆಯ ರಾಜಾ ದಿನಕರ್ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಹಕ್ಕಿಯ, ಕುದುರೆಯ, ದಂಪತಿಗಳ ಆಕಾರದ ಅಡಕತ್ತರಿಗಳನ್ನು ನೋಡಿದರೆ, ಅಡಿಕೆ ಹೋಳು ಮಾಡಲು ಇಷ್ಟೆಲ್ಲ ಶೃಂಗಾರ ಬೇಕೇ ಅನಿಸುತ್ತದೆ. ಕಛ್‌ನ ಅಂಜಾರಿನಲ್ಲಿ ಚಾಕು, ಕತ್ತರಿ, ಅಡಕತ್ತರಿಗಳ ಕಸುಬು ಇಂದಿಗೂ ನಡೆಯುತ್ತಿದೆ.

ಜೋಪಾನ ಮಾಡುವ ಬಗೆ ದೊಡ್ಡ ವಿದ್ಯೆಯೇನಲ್ಲ. ಕೊಯ್ದ ಮೇಲೆ ಒರೆಸಿ ಒಣಗಿಸಿಯೇ ಮಡಚಿ. ಮುಂಬಯಿಯ ಮಳೆಗಾಲದಲ್ಲಿ ಉಕ್ಕಿನ ಅಲಗಿಗೆ ಒಂದೇ ರಾತ್ರಿ ಸಾಕು, ತುಕ್ಕು ಹಿಡಿಯಲು. ಕೀಲಿಗೆ ತೆಂಗಿನೆಣ್ಣೆ ಬೇಡ, ಅದು ಅಂಟಾಗುತ್ತದೆ. ಹೊಲಿಗೆ ಮೆಶಿನ್ನಿನ ಎಣ್ಣೆ ಒಂದು ಹನಿ ಸಾಕು. ಪವಾಯಿಯ ಗಲ್ಲಿಗಳಲ್ಲಿ ಸೈಕಲ್ ತುಳಿದು ಚಾಕು-ಕತ್ತರಿಗೆ ಸಾಣೆ ಹಿಡಿಯುವವರು ಬಂದರೆ ಅಡುಗೆಮನೆಯ ಚಾಕು ಕೊಡಿ, ಹಳೆಯ ಮಡಚು ಚಾಕು ಕೊಡಬೇಡಿ. ಓಡುವ ಚಕ್ರದ ಬಿಸಿಗೆ ತೆಳು ಅಲಗು ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ, ಆಮೇಲೆ ಹರಿತ ನಿಲ್ಲುವುದಿಲ್ಲ. ನೀರು ಹಾಕಿದ ಸಾಣೆಕಲ್ಲಿನ ಮೇಲೆ ನಿಧಾನವಾಗಿ ಕೈಯಲ್ಲೇ ಉಜ್ಜುವುದು ಒಳ್ಳೆಯದು.

ಪವಾಯಿಯ ಆ ಹಿರಿಯರಿಗೆ ಆಮೇಲೆ ನಾನೇ ಫೋನ್ ಮಾಡಿದೆ. ಇಷ್ಟೆಲ್ಲ ಹೇಳಿ, "ಸರ್, ಚಾಕು ಪ್ಯಾಂಟಿನ ಜೇಬಿನಲ್ಲಿ ಬೇಡ. ಪೇರಳೆಯ ಜೊತೆ ಟಿಫಿನ್ ಡಬ್ಬಿಯಲ್ಲಿ ಇಡಿ, ಕೇಳಿದರೆ ಡಬ್ಬಿಯನ್ನೇ ತೆರೆದು ತೋರಿಸಬಹುದು. ನಿಷೇಧದ ಆದೇಶ ಇರುವ ದಿನ, ಮೆಟ್ರೊ ಹತ್ತುವ ದಿನ ಮಾತ್ರ ಮನೆಯಲ್ಲೇ ಹಣ್ಣು ಕೊಯ್ದುಕೊಂಡು ಹೊರಡಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗನೂ ಇದನ್ನೇ ಹೇಳಿದ್ದ ಮೇಡಂ, ಆದ್ರೆ ಅವ ಬೊಬ್ಬೆ ಹಾಕಿ ಹೇಳಿದ" ಎಂದರು.

ನಿಮ್ಮ ಮನೆಯಲ್ಲೂ ಇಂಥ ಚಾಕು ಇದ್ದರೆ ಅದರ ಕಥೆಯನ್ನು ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ. ಚಾಕುವನ್ನು ಮಾತ್ರ ಕಳಿಸಬೇಡಿ, ನಮ್ಮ ಗೇಟಿನಲ್ಲೂ ಎಕ್ಸ್‌ರೇ ಯಂತ್ರ ಇದೆ.