ಬೆನ್ನ ಮೇಲಿನ ಅಂಕಿ

ಹೊರಗೆ ಮಳೆ. ವ್ಯಾಂಕೂವರಿನ ಜನವರಿಯ ಮಳೆ ಧೋ ಎಂದು ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಕೆನಡಾದ ಉಳಿದ ಊರುಗಳಲ್ಲಿ ಕೆರೆ, ಹೊಳೆಗಳೆಲ್ಲ ಕಲ್ಲಾಗಿ ಮಕ್ಕಳು ಮನೆಯ ಹಿತ್ತಲಲ್ಲೇ ಸ್ಕೇಟ್ ಕಟ್ಟಿಕೊಂಡು ಆಡುವ ಹೊತ್ತಿಗೆ, ಈ ಪಶ್ಚಿಮ ಕರಾವಳಿಯಲ್ಲಿ ಬರೀ ಜಿಟಿಜಿಟಿ, ಕೆಸರು, ಒದ್ದೆ ಉಣ್ಣೆಯ ವಾಸನೆ. ಕಡಲ ಗಾಳಿ ಇಲ್ಲಿ ನೀರನ್ನು ಹೆಪ್ಪುಗಟ್ಟಲು ಬಿಡದು.

ಆದರೆ ಡೆನ್ಮನ್ ಬೀದಿಯ ತುದಿಯಲ್ಲಿ, ಕೋಲ್ ಹಾರ್ಬರ್ ಎಂಬ ಬಂದರು ಕೊಲ್ಲಿಯ ದಡದಲ್ಲಿ ಎದ್ದುನಿಂತಿರುವ ಹೊಸ ಕಟ್ಟಡದೊಳಗೆ ಕಾಲಿಟ್ಟರೆ ಮೂಗಿನ ತುದಿ ಜುಮ್ಮೆನ್ನುತ್ತದೆ. ಸಾಲುಸಾಲು ಆಸನಗಳು, ಸುಮಾರು ಹತ್ತು ಸಾವಿರ ಜನ ಹಿಡಿಸುವಷ್ಟು. ನಡುವೆ, ದೀಪದ ಬೆಳಕನ್ನು ಹಾಗೇ ತಿರುಗಿಸಿ ಕೊಡುವ ಬಿಳಿಯ ನೆಲ. ಅದರ ಅಡಿಯಲ್ಲಿ ಕೊಳವೆಗಳ ಜಾಲ. ಯಂತ್ರದಿಂದ ತಣ್ಣಗಾದ ಉಪ್ಪುನೀರು ಆ ಕೊಳವೆಗಳಲ್ಲಿ ಹರಿಯುತ್ತದೆ. ಮೇಲೆ ಚಿಮುಕಿಸಿದ ನೀರು ಪದರದ ಮೇಲೆ ಪದರವಾಗಿ ಗಟ್ಟಿಯಾಗುತ್ತದೆ. ಮಳೆಯ ಊರಿಗೆ ಮಂಜುಗಡ್ಡೆ ಬಂದದ್ದು ಹೀಗೆ.

ತಂದವರು ಲೆಸ್ಟರ್ ಪ್ಯಾಟ್ರಿಕ್ ಮತ್ತು ಫ್ರಾಂಕ್ ಪ್ಯಾಟ್ರಿಕ್ ಎಂಬ ಅಣ್ಣತಮ್ಮಂದಿರು. ತಂದೆ ಜೋಸೆಫ್, ನೆಲ್ಸನ್ ಎಂಬ ಗುಡ್ಡಗಾಡಿನ ಊರಿನಲ್ಲಿ ಮರದ ವ್ಯಾಪಾರ ಮಾಡಿಕೊಂಡಿದ್ದವರು. 1911ರಲ್ಲಿ ಅದನ್ನು ಮಾರಿ ಬಂದ ಹಣವನ್ನು ಮಕ್ಕಳ ಕನಸಿಗೆ ಸುರಿದರು. ವ್ಯಾಂಕೂವರಿನಲ್ಲೊಂದು, ವಿಕ್ಟೋರಿಯಾದಲ್ಲೊಂದು: ಕೆನಡಾದ ಮೊದಲ ಎರಡು ಕೃತಕ ಮಂಜಿನ ಅಂಗಳಗಳು. 1912ರ ಜನವರಿಯಲ್ಲಿ ಮೂರು ತಂಡಗಳ ಐಸ್ ಹಾಕಿ ಲೀಗ್ ಶುರುವಾಯಿತು. ಹೆಸರು ಪೆಸಿಫಿಕ್ ಕೋಸ್ಟ್ ಹಾಕಿ ಅಸೋಸಿಯೇಷನ್. ನ್ಯೂ ವೆಸ್ಟ್‌ಮಿನ್‌ಸ್ಟರ್ ತಂಡಕ್ಕೆ ಸ್ವಂತ ಅಂಗಳವೇ ಸಿದ್ಧವಾಗಿರಲಿಲ್ಲ. 'ತವರಿನ' ಪಂದ್ಯಗಳನ್ನೂ ವ್ಯಾಂಕೂವರಿನಲ್ಲೇ ಆಡಿ, ಮೊದಲ ವರ್ಷದ ಕಿರೀಟ ಹೊತ್ತುಕೊಂಡು ಹೋದದ್ದು ಅದೇ ತಂಡ! ಲೀಗಿನ ಯಜಮಾನರೂ ಪ್ಯಾಟ್ರಿಕ್ ಸಹೋದರರೇ, ತಂಡ ಕಟ್ಟುವವರೂ ಅವರೇ, ಕೋಲು ಹಿಡಿದು ಕಣಕ್ಕಿಳಿಯುವವರೂ ಅವರೇ.

ಅಂಗಳದಲ್ಲಿ ಈಗ ಕಂದುಗೆಂಪು ಉಣ್ಣೆಯ ಸ್ವೆಟರು ತೊಟ್ಟವರು ಸುತ್ತು ಹಾಕುತ್ತಿದ್ದಾರೆ. ಎದೆಯ ಮೇಲೆ ದೊಡ್ಡ 'ವಿ' ಅಕ್ಷರ, ಅದರೊಳಗೆ ಊರಿನ ಪೂರ್ತಿ ಹೆಸರು. ಇವರು ವ್ಯಾಂಕೂವರ್ ಮಿಲಿಯನೇರ್ಸ್. ತಲೆಗೆ ಶಿರಸ್ತ್ರಾಣವಿಲ್ಲ, ಗೋಲ್‌ಕೀಪರನ ಮುಖಕ್ಕೆ ಮುಸುಕೂ ಇಲ್ಲ. ತಂಡಕ್ಕೆ ಏಳು ಜನ. ಏಳನೆಯವನು 'ರೋವರ್', ಅಲೆಮಾರಿ. ಅವನಿಗೆ ಇಂಥದೇ ಜಾಗ ಎಂದಿಲ್ಲ, ಆಟದ ಬಿಲ್ಲೆಯಾದ ಪಕ್ ಎಲ್ಲಿದೆಯೋ ಅಲ್ಲಿ ಅವನು.

ಅಷ್ಟು ಎತ್ತರದ ಹಿಂಬದಿ ಸಾಲಿನಲ್ಲಿ ಕುಳಿತವರಿಗೆ ಎಲ್ಲ ಸ್ವೆಟರುಗಳೂ ಒಂದೇ. ಹೊಡೆದವನಾರು, ಬಿದ್ದವನಾರು? ಅದಕ್ಕೇ ಪ್ಯಾಟ್ರಿಕ್ ಸಹೋದರರು ಆಟಗಾರರ ಬೆನ್ನಿಗೆ ಅಂಕಿ ಹೊಲಿಸಿದರು. ಅಂಕಿ ನೋಡು, ಹೆಸರು ತಿಳಿ. ಅಂಗಳದ ಅಡ್ಡಕ್ಕೆ ನೀಲಿ ಗೆರೆಗಳನ್ನೂ ಎಳೆದರು. ಅಲ್ಲಿಯವರೆಗೆ ಪಕ್ಕನ್ನು ತನಗಿಂತ ಮುಂದಿರುವ ಜೊತೆಗಾರನಿಗೆ ತಳ್ಳುವಂತಿರಲಿಲ್ಲ. ಇನ್ನು ಎರಡು ಗೆರೆಗಳ ನಡುವೆ ತಳ್ಳಬಹುದು. ಪದೇಪದೇ ಸೀಟಿಗೆ ನಿಲ್ಲುತ್ತಿದ್ದ ಆಟ ಹರಿಯತೊಡಗಿತು. ಗೋಲ್‌ಕೀಪರ್ ಪಕ್ ತಡೆಯಲು ಮಂಜಿನ ಮೇಲೆ ಬೀಳಬಹುದು ಎಂದರು. ಗೋಲಿಗೆ ದಾರಿ ಮಾಡಿಕೊಟ್ಟವನ ಹೆಸರನ್ನೂ ಲೆಕ್ಕದ ಪುಸ್ತಕಕ್ಕೆ ಸೇರಿಸಿದರು.

ಜನ ಕಾಯುತ್ತಿದ್ದದ್ದು ಒಬ್ಬನಿಗಾಗಿ. ಫ್ರೆಡ್ ಟೇಲರ್, ಊರವರ ಬಾಯಲ್ಲಿ 'ಸೈಕ್ಲೋನ್'. ಮಿಲಿಯನೇರ್ಸ್ ತಂಡದ ಅಲೆಮಾರಿ ಅವನೇ. ಈ ಲೀಗಿನಲ್ಲಿ ಐದು ಸಲ ಅಂಕಗಳ ಪಟ್ಟಿಯ ತುದಿಯಲ್ಲಿ ನಿಂತವನು. ಅವನು ಓಟ ಹಿಡಿದನೆಂದರೆ ಹತ್ತು ಸಾವಿರ ಜನರ ಉಸಿರು ಒಮ್ಮೆಗೇ ಒಳಕ್ಕೆ ಹೋಗುತ್ತಿತ್ತು.

ಹಗಲಿನಲ್ಲಿ ಟೇಲರನಿಗೆ ಬೇರೆ ಕೆಲಸವಿತ್ತು. ಅವನು ವಲಸೆ ಇಲಾಖೆಯ ಅಧಿಕಾರಿ.

1914ರ ಮೇ 23. ಹಾಕಿಯ ಋತು ಮುಗಿದಿದೆ. ಅದೇ ಬಂದರಿನ ನೀರಿಗೆ ಕೊಮಗಾಟಾ ಮಾರು ಎಂಬ ಜಪಾನಿ ಹಡಗು ಬಂತು. ಹಾಂಕಾಂಗಿನಿಂದ ಹೊರಟ ಹಡಗು, 376 ಪ್ರಯಾಣಿಕರು. ಬಹುತೇಕ ಎಲ್ಲರೂ ಪಂಜಾಬಿನವರು, ಹೆಚ್ಚಿನವರು ಸಿಖ್ಖರು. ಹಡಗನ್ನು ಮೊದಲು ಹತ್ತಿದ ವಲಸೆ ಅಧಿಕಾರಿ ಈ ಟೇಲರನೇ. ಸ್ವದೇಶದಿಂದ ನಡುವೆ ಎಲ್ಲೂ ನಿಲ್ಲದೆ ಬಂದವರಿಗೆ ಮಾತ್ರ ಪ್ರವೇಶ ಎಂಬುದು ಅಂದಿನ ಕಾನೂನು. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಕಡಲಿಗೆ ಎಸೆದ ಹಾಗಿತ್ತು ಆ ನಿಯಮ. ಎರಡು ತಿಂಗಳು ಹಡಗು ನೀರಿನಲ್ಲೇ ನಿಂತಿತು. ಕೇವಲ 24 ಮಂದಿಗೆ ಇಳಿಯಲು ಅಪ್ಪಣೆ ಸಿಕ್ಕಿತು. ಜುಲೈ 23ರಂದು, ಯುದ್ಧನೌಕೆಯೊಂದರ ಕಾವಲಿನಲ್ಲಿ ಉಳಿದವರನ್ನು ವಾಪಸು ಅಟ್ಟಲಾಯಿತು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರಿಗೆ ಸಿಕ್ಕ ಸ್ವಾಗತ ಗುಂಡಿನೇಟು. ಅಲ್ಲಿ ಸುಮಾರು ಇಪ್ಪತ್ತು ಜನ ಸತ್ತರು.

ಮತ್ತೆ ಮಳೆ ಬಂತು, ಡೆನ್ಮನ್ ಬೀದಿಯ ಯಂತ್ರ ಮತ್ತೆ ಗುಡುಗುಡು ಎಂದಿತು. 1915ರ ಮಾರ್ಚಿನಲ್ಲಿ ಪೂರ್ವದ ಒಟ್ಟಾವಾ ತಂಡ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪಿನ ಸೆಣಸಿಗೆ ಬಂದಿಳಿಯಿತು. ಪೂರ್ವದಲ್ಲಿ ತಂಡಕ್ಕೆ ಆರೇ ಜನ. ಹಾಗಾಗಿ ಒಂದು ದಿನ ಪಶ್ಚಿಮದ ನಿಯಮ, ಮರುಪಂದ್ಯಕ್ಕೆ ಪೂರ್ವದ್ದು. ನಿಯಮ ಯಾವುದಾದರೇನು! 6-2, 8-3, 12-3. ಕಪ್ ವ್ಯಾಂಕೂವರಿನ ಪಾಲಾಯಿತು. ಚಪ್ಪಾಳೆಯ ಆ ಚಾವಣಿಯಡಿ ಎಂಟು ತಿಂಗಳ ಹಿಂದಿನ ಹಡಗು ಎಷ್ಟು ಜನಕ್ಕೆ ನೆನಪಿತ್ತೋ.

ಲೀಗ್ ಗಡಿ ದಾಟಿ ಬೆಳೆಯಿತು. ಪೋರ್ಟ್‌ಲ್ಯಾಂಡ್ ರೋಸ್‌ಬಡ್ಸ್ ಬಂತು. ಸಿಯಾಟಲ್ ಮೆಟ್ರೋಪಾಲಿಟನ್ಸ್ ಬಂತು. ಸ್ಪೊಕೇನಿನ ಕ್ಯಾನರೀಸ್ ಒಂದೇ ಋತು ಹಾಡಿ ಮೌನವಾಯಿತು. ಸಿಯಾಟಲ್‌ನವರ ಸ್ವೆಟರನ್ನು ಮಾತ್ರ ಯಾರೂ ಮರೆಯುವಂತಿರಲಿಲ್ಲ: ಕೆಂಪು, ಬಿಳಿ, ಹಸಿರಿನ ಅಡ್ಡಪಟ್ಟೆಗಳು, ಎದೆಯಲ್ಲಿ ಹಾವಿನಂತೆ ಬಳುಕಿದ 'ಎಸ್' ಅಕ್ಷರ. 1917ರ ಮಾರ್ಚ್ 26ರಂದು ಆ ಪಟ್ಟೆಗಳು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವನ್ನು 9-1ರಿಂದ ಮುಳುಗಿಸಿದವು. ಒಂಬತ್ತರಲ್ಲಿ ಆರು ಗೋಲು ಬರ್ನಿ ಮಾರಿಸ್ ಒಬ್ಬನವೇ. ಸ್ಟ್ಯಾನ್ಲಿ ಕಪ್ ಮೊದಲ ಸಲ ಅಮೆರಿಕದ ತಂಡವೊಂದರ ಕೈಸೇರಿತು. ಹನ್ನೊಂದು ದಿನ ಕಳೆಯುವಷ್ಟರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಿತ್ತು.

ಮರುವರ್ಷ ಪ್ಯಾಟ್ರಿಕ್ ಸಹೋದರರ ಬತ್ತಳಿಕೆಯಿಂದ ಇನ್ನೊಂದು ಬಾಣ ಬಂತು: ಪ್ಲೇಆಫ್. ಋತುವಿಡೀ ಆಡಿ ಮೊದಲ ಸ್ಥಾನ ಗಳಿಸಿದವರು ಎರಡನೆಯವರನ್ನು ಮತ್ತೆ ಎದುರಿಸಬೇಕು. ಮೊದಲಿಗರಾಗಿದ್ದ ಸಿಯಾಟಲ್‌ನವರು ವ್ಯಾಂಕೂವರಿನಲ್ಲಿ 2-2 ಸಮ ಮಾಡಿ ಬಂದು, ತಮ್ಮದೇ ಊರಿನಲ್ಲಿ 0-1ರಿಂದ ಸೋತರು. ತಿಂಗಳುಗಟ್ಟಲೆ ದುಡಿದದ್ದು ಒಂದು ಗೋಲಿಗೆ ಹೋಯಿತು. ಸೋತವರಿಗೆ ಅನ್ಯಾಯ ಅನ್ನಿಸಿದ್ದರೂ ಗಲ್ಲಾಪೆಟ್ಟಿಗೆಗೆ ಹಾಗನ್ನಿಸಿರಲಾರದು.

1919ರ ಏಪ್ರಿಲ್ 1. ಸಿಯಾಟಲ್, ಮತ್ತೆ ಮಾಂಟ್ರಿಯಲ್ ಎದುರಾಳಿ. ಐದು ಪಂದ್ಯ ಮುಗಿದಿವೆ: ಇಬ್ಬರಿಗೂ ಎರಡೆರಡು, ಒಂದು ಸಮ. ಆರನೆಯದಕ್ಕೆ ಮಂಜಿನ ನೆಲ ಸಿದ್ಧ, ಮೇಲೆ ಸ್ಕೇಟಿನ ಒಂದು ಗೀರೂ ಇಲ್ಲ. ಇನ್‌ಫ್ಲುಯೆಂಜಾ ಮಾಂಟ್ರಿಯಲ್ ಆಟಗಾರರನ್ನು ಹಾಸಿಗೆಗೆ ಕೆಡವಿತ್ತು. ಆಡಲಾಗದೆ ಅವರು ಕಪ್ ಬಿಟ್ಟುಕೊಡಲು ಮುಂದಾದರು. ಸಿಯಾಟಲ್ ತಂಡದ ಪೀಟ್ ಮಲ್ಡೂನ್ ಒಲ್ಲೆ ಎಂದ. ಕಾಯಿಲೆ ಬಿದ್ದವರಿಂದ ಕಪ್ ಪಡೆಯುವುದೇನು? ನಾಲ್ಕು ದಿನಕ್ಕೆ ಮಾಂಟ್ರಿಯಲ್‌ನ ಜೋ ಹಾಲ್ ಅದೇ ಊರಿನಲ್ಲಿ ಕಣ್ಮುಚ್ಚಿದ. ಆ ವರ್ಷ ಕಪ್ ಯಾರಿಗೂ ಇಲ್ಲ.

ಮುಂದಿನದು ಇಳಿಜಾರು. 1924ರಲ್ಲಿ ಲೀಗ್ ಬಯಲುಸೀಮೆಯ ಇನ್ನೊಂದು ಲೀಗಿನೊಳಗೆ ಕರಗಿತು. 1926ರಲ್ಲಿ ಆಟಗಾರರನ್ನು ಪೂರ್ವದ ಧನಿಕರು ಕೊಂಡರು. ಪೋರ್ಟ್‌ಲ್ಯಾಂಡಿನವರು ಶಿಕಾಗೊಗೆ, ವಿಕ್ಟೋರಿಯಾದವರು ಡೆಟ್ರಾಯಿಟಿಗೆ. ಸಿಯಾಟಲ್‌ನ ಅಂಗಳ ಕಾರು ನಿಲ್ಲಿಸುವ ಜಾಗವಾಯಿತು. ವಿಕ್ಟೋರಿಯಾದ್ದು 1929ರಲ್ಲಿ, ಡೆನ್ಮನ್ ಬೀದಿಯದು 1936ರ ಆಗಸ್ಟಿನಲ್ಲಿ ಬೆಂಕಿಗೆ ಬಿದ್ದವು. ಮಂಜಿನ ಮನೆಗಳಿಗೆ ಬೆಂಕಿಯ ಸಾವು.

ನೀಲಿ ಗೆರೆ ಉಳಿದಿದೆ, ಪ್ಲೇಆಫ್ ಉಳಿದಿದೆ, ಬೆನ್ನ ಮೇಲಿನ ಅಂಕಿ ಉಳಿದಿದೆ.

ಡೆನ್ಮನ್ ಬೀದಿ ಜಾರ್ಜಿಯಾ ಬೀದಿಯನ್ನು ಸೇರುವ ಆ ಮೂಲೆ ಈಗ ಹುಲ್ಲು ಹಾಸಿದ ಉದ್ಯಾನ. ಅಲ್ಲಿಂದ ಕಡಲ ಅಂಚಿನ ಕಾಲುದಾರಿ ಹಿಡಿದು ನಗರದ ಕಡೆಗೆ ನಡೆದರೆ ದೂರವೇನಿಲ್ಲ, ನೀರಿಗೆ ಮುಖಮಾಡಿದ ಸ್ಮಾರಕವೊಂದು ಸಿಗುತ್ತದೆ. 2012ರಲ್ಲಿ ನಿಲ್ಲಿಸಿದ್ದು. ಈ ಊರಿನ ಅಂಗಳದಲ್ಲಿ ಬೆನ್ನಿಗೆ ಅಂಕಿ ಹೊಲಿದದ್ದು ಆಡುವವನ ಹೆಸರು ದೂರದ ಸಾಲಿಗೂ ತಿಳಿಯಲೆಂದು. ಅದೇ ಊರಿನ ಬಂದರಿನಲ್ಲಿ ಎರಡು ತಿಂಗಳು ನಿಂತವರು ಬಹುಕಾಲ ಬರೀ ಅಂಕಿಯಾಗಿಯೇ ಉಳಿದರು: 376. ಸ್ಮಾರಕದ ಗೋಡೆಯಲ್ಲಿ ಈಗ ಅವರ ಹೆಸರುಗಳಿವೆ. ಮಳೆಗೆ ಒದ್ದೆಯಾದರೂ ಓದಬಹುದು.